ಗಾಜಿನ ಪೆಟ್ಟಿಗೆಯ ತಕ್ಕಡಿ

ಮನೆಯ ಮಹಾಸಭೆಯಲ್ಲಿ ಕಿಕ್ಕಿರಿದು ಕುಳಿತಿರುವ ಅಮ್ಮನಿಗೆ, ಅಕ್ಕ ಭಾವನಿಗೆ, ಬಾಗಿಲ ಸಂದಿಯಲ್ಲಿ ಕಿವಿಯಿಟ್ಟ ಚಿಕ್ಕಮ್ಮನಿಗೆ ನಮಸ್ಕಾರ! ಗದ್ದಲ ನಿಲ್ಲಿಸಿ, ಇದನ್ನು ಗಟ್ಟಿಯಾಗಿ ಓದಿ.

ಪ್ರಯೋಗಾಲಯಗಳ ಗುಣಮಟ್ಟ ಅಳೆಯುವವರು ನಮ್ಮದೂ ಸೇರಿ ಲೋಕದ ಅರವತ್ತು ಕಾಲೇಜುಗಳಿಗೆ ಒಂದೇ ಪುಡಿಯನ್ನು ಕಳಿಸಿದ್ದರು. ಅದರಲ್ಲಿ ಉಪ್ಪು ಎಷ್ಟಿದೆಯೆಂದು ವಿದ್ಯಾರ್ಥಿಗಳೇ ಕಂಡುಹಿಡಿಯಬೇಕಿತ್ತು. ತಪ್ಪಿದ್ದರೆ ನಮ್ಮ ಪ್ರಯೋಗಾಲಯಕ್ಕೆ ಬೀಗ ಬೀಳುತ್ತಿತ್ತು. ಹೊಸ ವಿದ್ಯುತ್ ತಕ್ಕಡಿ ತೂಗುವ ದಿನವೇ ಕೈಕೊಟ್ಟಿತು. ಉಳಿದದ್ದು, ನನಗಿಂತ ಮೊದಲು ಇಲ್ಲಿ ಅಟೆಂಡರ್ ಆಗಿದ್ದ ಅಪ್ಪ ಮೂವತ್ತು ವರ್ಷ ಒರೆಸಿ ಕಾಪಾಡಿದ ಗಾಜಿನ ಪೆಟ್ಟಿಗೆಯ ತಕ್ಕಡಿ.

"ಈ ಮುದುಕಪ್ಪನ್ನ ನಂಬೋದೇನಯ್ಯಾ?" ಎಂದರು ಪ್ರಿನ್ಸಿಪಾಲರು, ತಕ್ಕಡಿಯತ್ತ ಬೆರಳು ತೋರಿಸಿ.

"ನಂಬಿ ಸಾರ್. ಫ್ಯಾನ್ ಆರಿಸಿ, ಯಾರೂ ಓಡಾಡ್ಬೇಡಿ ಅಷ್ಟೇ," ಎಂದೆ.

ತೂಗುವ ಹುಡುಗಿ ಉಸಿರು ಬಿಗಿಹಿಡಿದಳು. ಪ್ರಿನ್ಸಿಪಾಲರೂ ಹಿಡಿದರು!

ಇಂದು ಫಲಿತಾಂಶ ಬಂತು. ಅರವತ್ತರಲ್ಲಿ ನಾವು ಮೂರನೆಯವರು! ನಿಜವಾದ ಅಂಕಿಗೂ ನಮ್ಮದಕ್ಕೂ ಒಂದು ರೆಪ್ಪೆಗೂದಲಿನ ತೂಕದಷ್ಟೂ ಅಂತರವಿಲ್ಲವಂತೆ.

ಅಮ್ಮಾ, ಅಪ್ಪನ ಟ್ರಂಕಿನಲ್ಲಿರುವ, ತಕ್ಕಡಿಯ ಧೂಳು ತೆಗೆಯುವ ಮೆತ್ತನೆಯ ಬ್ರಷ್ ಕಳಿಸಿಕೊಡು, ನನ್ನದರ ಕೂದಲು ಉದುರುತ್ತಿದೆ. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ತಟ್ಟೆಗಳನ್ನು ಒರೆಸಿ, ಏನನ್ನೂ ಇಡದೆ, ಆ ಮುಳ್ಳು ನಡುಗೆರೆಗೆ ಬಂದು ನಿಲ್ಲುವುದನ್ನು ಸುಮ್ಮನೆ ನೋಡುತ್ತೇನೆ.

ನಿನ್ನ ಮಗ,
ಪ್ರಯೋಗಾಲಯದ ಅಟೆಂಡರ್