ಒಂದೂವರೆಯ ಆಕಾಶ

ಅಕ್ಟೋಬರ್ 6, ಮಧ್ಯಾಹ್ನ 2
ಮತ್ತೆ 0.92. ಒಂದೂವರೆಗೆ ಸ್ಯಾಟಲೈಟ್ ಸಂಡೂರಿನ ಮೇಲೆ ದಾಟುವಾಗ ನಾನೂ ತಾರಸಿಯಲ್ಲಿ ನಿಂತು ಮೀಟರನ್ನು ಸೂರ್ಯನತ್ತ ಹಿಡಿಯಬೇಕು. ಬಿಸಿಲಿಗೆ ಎಷ್ಟು ಧೂಳು ಅಡ್ಡ ಬಂದಿದೆ ಎಂದು ಅದು ಹೇಳುತ್ತದೆ. ಮೋಡವಿದ್ದರೆ ಕಾಯಬೇಕು. ಮದುವೆಯಾಗಿ ಐದು ವಾರ — ಹಬ್ಬ, ನೆಂಟರು, ರೊಟ್ಟಿ, ಮೆಟ್ಟಿಲು. ಕಾಲಲ್ಲಿ ಜೀವವಿಲ್ಲ. ಜಂಬುನಾಥ್ ದೋಣಿಮಲೈ ಗಣಿಯಿಂದ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದಾರೆ. ನನ್ನ ಗಂಡ! ಕಿವಿಯಲ್ಲಿ ಇನ್ನೂ ಕೆಂಪು ಧೂಳು. ಸೋ ಕ್ಯೂಟ್. ನನಗೂ ಅಲ್ಲೇ ಬಿದ್ದುಕೊಳ್ಳುವ ಆಸೆ...

ಅಕ್ಟೋಬರ್ 9
ಹೊಸಪೇಟೆಯಿಂದ ಶೈಲಜಾ ಮೇಡಂ ಫೋನ್. ಈ ಧೂಳು ಅಳೆಯುವ ಪ್ರಾಜೆಕ್ಟ್ ಅವರದೇ. "ಸ್ಯಾಟಲೈಟ್ 0.3 ಅಂತದ, ನಿಮ್ಮದು ಮೂರು ಪಟ್ಟು. ಅದಿರಿನ ಧೂಳು ಅದಕ್ಕ ಕಾಣವಲ್ದು ಅಂದ್ರ ದೊಡ್ಡ ವಿಷಯ. ಹದಿನೇಳಕ್ಕ ಮೀಟಿಂಗ್‌ನಾಗ ನೀವ ಹೇಳ್ರಿ." ಮೀಟಿಂಗ್‌ನಲ್ಲಿ ಒಪ್ಪಿದರೆ ನನ್ನ ಕೆಲಸ ಇನ್ನೊಂದು ವರ್ಷ. ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು.
ಜಂಬುನಾಥ್‌ಗೆ ಹೇಳಿದೆ. "ಈ ಊರಾಗ ಧೂಳ್ ಐತಿ ಅನ್ನಾಕ ಮೀಟಿಂಗ್ ಬೇಕೇನಲೇ? ನನ್ನ ಅಂಗಿ ಕಳಿಸು."
ನಕ್ಕು ನಕ್ಕು ಸುಸ್ತಾದೆ.

ಅಕ್ಟೋಬರ್ 13, ಸಂಜೆ
ಮೀಟಿಂಗ್‌ಗೆ ಫೋಟೋ ಬೇಕಿತ್ತು. ಮೀಟರ್ ತಿರುಗಿಸಿ ಹಿಡಿದೆ. ಗಾಜಿನ ಮೇಲೆ ಬಿಳಿಯ ಮೂರು ಗೆರೆ, ಅರ್ಧ ಅಳಿಸಿದ್ದು. ವಿಭೂತಿ.
ಅತ್ತೆ ರೊಟ್ಟಿ ಬಡಿಯುತ್ತಲೇ ಹೇಳಿದರು. "ಆಯುಧ ಪೂಜೆ ದಿನ ಹಚ್ಚಿದ್ನೆವ್ವಾ. ಅವನ ಗಾಡಿಗೆ, ಹೆಲ್ಮೆಟ್‌ಗೆ, ಮಿಕ್ಸರ್‌ಗೆ. ನಿನ್ನ ಕೆಲಸದ್ದೊಂದ ಬಿಡಾಕ ಬರ್ತದೇನು?"
ಅಂಕಿ ಏರಿದ್ದೂ ಆ ದಿನದಿಂದಲೇ.
ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ದಿನವೂ ಗಾಜು ಒರೆಸಬೇಕಾದವಳು ನಾನು. ಒರೆಸಿಲ್ಲ. ಅಂಕಿ ಬರೆಯುವ ಪುಸ್ತಕದ 'ಒರೆಸಿದೆ' ಎಂಬ ಕಾಲಮ್ಮಿನಲ್ಲಿ ಮಾತ್ರ ದಿನವೂ ಟಿಕ್ ಹಾಕಿದ್ದೇನೆ.

ಅಕ್ಟೋಬರ್ 14, ಮಧ್ಯಾಹ್ನ
ಒರೆಸಿ ನೋಡಿದೆ. 0.31. ಸ್ಯಾಟಲೈಟ್ ಸರಿಯಾಗಿಯೇ ಹೇಳುತ್ತಿತ್ತು.
"ಸುಮ್ನಿರಲೇ," ಎಂದರು ಜಂಬುನಾಥ್. "ಮಳಿ ಬಂದು ಧೂಳ್ ಕಡಿಮ್ಯಾತು ಅಂತ ಬರಿ. ಯಾರ್ ಬಂದು ನೋಡ್ತಾರ?"
"ಮೇಲಿಂದ ಅದು ನೋಡ್ತದಲ್ರೀ."
ಇಬ್ಬರೂ ನಗಲಿಲ್ಲ. ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ, ಟಿಕ್ಕುಗಳನ್ನೂ. ವಿಭೂತಿ ಎಂದೆ, ಯಾರು ಹಚ್ಚಿದ್ದು ಎನ್ನಲಿಲ್ಲ. "ಮೀಟರ್ ಕಳಿಸಿಬಿಡ್ರಿ," ಎಂದರು ಮೇಡಂ.

ಅಕ್ಟೋಬರ್ 18
ನಿನ್ನೆ ಮೀಟಿಂಗ್ ಆಯಿತಂತೆ. ನನ್ನನ್ನು ಕರೆಯಲಿಲ್ಲ. ಮೂವತ್ತೊಂದು ಕೊನೆಯ ದಿನ ಎಂದು ಮೇಲ್ ಬಂದಿದೆ. ಇನ್ನು ಮಧ್ಯಾಹ್ನ ಮಲಗಬಹುದು.
ಒಂದೂವರೆಗೆ ಕಾಲು ತಾನಾಗಿ ಮೆಟ್ಟಿಲು ಹತ್ತಿತು. ಒಂದೂ ಮೋಡವಿಲ್ಲ. ಕೈ ಖಾಲಿ.
ಅತ್ತೆ ಕೆಳಗಿನಿಂದ ಕೂಗಿದರು. "ಏನ್ ಹೇಳ್ತದವ್ವಾ ಇವತ್ತು ನಿನ್ನ ಮಷೀನು?"
"ಭಾಳ ಸ್ವಚ್ಛ ಐತ್ರಿ ಅತ್ತಿ."
ಅವರಿಗೆ ಇನ್ನೂ ತಿಳಿಸಿಲ್ಲ. ಇವತ್ತಾದರೂ ಹೇಳಬೇಕು, ಕೆಲಸ ಹೋಯಿತು ಎಂದು. ಆದರೆ ವಿಭೂತಿಯ ಮಾತು ಬಾರದ ಹಾಗೆ ಹೇಗೆ ಹೇಳಲಿ?