ಐರಣಿಯ ಬಾಳೆ ಮೀನು ಹಿಡಿದವರು

ರಾಣೆಬೆನ್ನೂರು
ಸೋಮವಾರ

ಸಂಪಾದಕರಿಗೆ ನಮಸ್ಕಾರ.

‘ಐರಣಿಯಲ್ಲಿ ಚನ್ನೇಶನ ಗಾಳಕ್ಕೆ ಭಾರೀ ಬಾಳೆ ಮೀನು’ ಎಂದು ನೀವು ನಿನ್ನೆ ಚಿತ್ರ ಸಮೇತ ಅಚ್ಚು ಹಾಕಿದ್ದೀರಿ. ಆ ತೆಪ್ಪದಲ್ಲಿ ನಾನೂ ಇದ್ದೆ. ಮೀನು ಹಿಡಿದದ್ದು ಚನ್ನೇಶನಲ್ಲ, ಅವನ ಸೋದರತ್ತೆ ಉಚ್ಚಂಗೆವ್ವ.

ಪ್ರತಿವರ್ಷ ತುಂಗಭದ್ರೆಗೆ ತೆಪ್ಪ ಇಳಿಸುವ ನಮ್ಮ ಗುಂಪಿನಲ್ಲಿ ನಾನು ಎಪ್ಪತ್ತೆಂಟನೇ ಇಸವಿಯಿಂದ ಇದ್ದೇನೆ. ಇಂಥ ಹಿಡಿತ ಕಂಡಿಲ್ಲ. ಮೀನು ಗಾಳ ಕಚ್ಚಿದೊಡನೆ ತೆಪ್ಪ ಬುಗುರಿಯಂತೆ ತಿರುಗಿತು.

‘ದಾರ ಬಿಡಬೇ ಅತ್ತಿ, ಮುಳುಗ್ತೇವಿ!’ ಎಂದು ಚನ್ನೇಶ ಕೂಗಿದ.

‘ನೀ ಬೇಕಾದ್ರ ಜಿಗಿ, ತೆಪ್ಪ ಹಗುರ ಆಕ್ಕೈತಿ. ಇಲ್ಲಾಂದ್ರ ಹುಟ್ಟು ಮ್ಯಾಲೆತ್ತು, ಅದ ನಮ್ಮನ್ನ ಎಳಕೊಂಡು ಹೋಗ್ಲಿ,’ ಎಂದು ಆಕೆ ಗದರಿದರು.

ಹಾಗೇ ಆಯಿತು. ಮೀನು ನಮ್ಮೆಲ್ಲರನ್ನೂ ಹೊಳೆಯ ನಡುವಿನವರೆಗೆ ಎಳೆದೊಯ್ದು ದಣಿಯಿತು. ಉಚ್ಚಂಗೆವ್ವ ದಣಿಯಲಿಲ್ಲ.

ದೊಡ್ಡ ಮೀನು ಹಿಡಿದವರೇ ಮುಂದಿನ ವರ್ಷ ಗುಂಪಿನ ಮುಂದಾಳು ಎಂಬುದು ನಮ್ಮ ಪದ್ಧತಿ. ಹೆಂಗಸಿನ ಮಾತು ಕೇಳಲಾರದ ಕೆಲವರು ಈಗ ನಿಮ್ಮ ಪತ್ರಿಕೆ ಹಿಡಿದುಕೊಂಡು, ‘ಪೇಪರಿನ್ಯಾಗ ಚನ್ನೇಶನ ಹೆಸರೈತಿ’ ಎನ್ನುತ್ತಿದ್ದಾರೆ. ‘ನಾ ಬರೇ ಫೋಟೋಕ್ಕ ಹಿಡಿದಿದ್ದೆ’ ಎಂದು ಆತನೇ ಹೇಳಿದರೂ ಅವರಿಗೆ ಕಿವಿಯಿಲ್ಲ.

ದಾರ ಎರಡೂ ಅಂಗೈಗಳನ್ನು ಕೊಯ್ದಿದ್ದರಿಂದ ಆಕೆಗೆ ಮೀನು ಎತ್ತಿ ಹಿಡಿಯಲು ಆಗಲಿಲ್ಲ, ಆದ್ದರಿಂದಲೇ ಆಕೆ ಚಿತ್ರದಲ್ಲಿಲ್ಲ. ದಯವಿಟ್ಟು ತಿದ್ದುಪಡಿ ಹಾಕಿ. ಫೋಟೋಗ್ರಾಫರನ್ನೂ ಬೇಗ ಕಳಿಸಿ. ಗಾಯ ಮಾಯುವುದರೊಳಗೆ ಆ ಅಂಗೈಗಳ ಚಿತ್ರ ತೆಗೆಯಬೇಕು.

ನಿಮ್ಮ ಹಳೆಯ ಓದುಗ,
ಪುಂಡಲೀಕ