ಹನ್ನೊಂದನೇ ಚೀಲದ ಜೇಡಿಮಣ್ಣು

ಪ್ರೀತಿಯ ಸುತ್ತಿಗೆ,

ಹದಿನಾಲ್ಕು ವರ್ಷ ಆದಮೇಲೂ, ಸದಾ ಸುತ್ತಿಗೆ ಹಿಡಿದೇ ಬೆಟ್ಟ ಹತ್ತುತ್ತಿದ್ದ ನಿನಗೆ ನಾನಿಟ್ಟ ಇದೇ ಹೆಸರಿನಲ್ಲಿ ಕರೆಯುತ್ತಿದ್ದೇನೆ, ಬೈಯಬೇಡ. ಬೈಯುವುದಕ್ಕೆ ಬೇರೆ ಕಾರಣ ಕೆಳಗಿದೆ.

ಮುಂದಿನ ತಿಂಗಳು ನನ್ನ ನಿವೃತ್ತಿ. ಪ್ರಯೋಗಾಲಯದ ಕಪಾಟು ಖಾಲಿ ಮಾಡುತ್ತಿದ್ದೆ. ಸೊಂಟ ಹಿಡಿದುಕೊಂಡು, ಸಾಕಪ್ಪಾ ಸಾಕು ಅನ್ನಿಸಿತ್ತು. ಆಗ ಕೆಳಗಿನ ಖಾನೆಯಲ್ಲಿ ನಿನ್ನ ಅಕ್ಷರದ ಬಟ್ಟೆ ಚೀಲ ಸಿಕ್ಕಿತು: 'ಹನ್ನೊಂದು. ಬಿರುಕಿನ ಮೇಲ್ಭಾಗ. ಜೋಪಾನ.'

ಬೆಟ್ಟ ಸೀಳಿ ಸರಿದ ಆ ಜಾಗದಲ್ಲಿ, ಮೇಲಿನ ಬಂಡೆ ನೆಲದಾಳದ ಬಿಸಿಯಲ್ಲಿ ಬೆಂದು ಮೇಲೆ ಬಂದದ್ದು ಅಂತ ನೀನು ಹಟ ಹಿಡಿದಿದ್ದೆ. ಬೆಂದಿದ್ದರೆ ಅದರೊಳಗಿನ ಜೇಡಿಮಣ್ಣಿನ ಹರಳು ಗಟ್ಟಿಯಾಗಿ, ನನ್ನ ಎಕ್ಸ್-ರೇ ಯಂತ್ರದ ಕಾಗದದಲ್ಲಿ ಸೂಜಿಯಂಥ ಗೆರೆ ಏಳಬೇಕು. ಎದ್ದದ್ದು ಬೋರಲು ಹಾಕಿದ ಬಾಣಲೆಯಂಥ ಗುಡ್ಡೆ. ಬೆಂದೇ ಇಲ್ಲ ಅಂತ ಬರೆದುಕೊಟ್ಟೆ. ನಮ್ಮಿಬ್ಬರ ಕೆಲಸದ ಮೇಲ್ವಿಚಾರಣೆ ನೋಡುತ್ತಿದ್ದ ಮೇಷ್ಟ್ರು ಎಲ್ಲರೆದುರು ನಿನಗೆ, "ಬಂಡೆ ಒಡೆಯೋದು ಬಿಟ್ಟು ರಸ್ತೆ ಬದಿ ಮಣ್ಣು ಬಾಚ್ಕೊಂಡು ಬಂದಿದ್ದೀಯ" ಅಂದರು. ನೀನು ನನ್ನ ಮುಖ ನೋಡಿದೆ. ನಾನು ಕಾಗದ ನೋಡುತ್ತಾ ಕೂತೆ. ವಾರದೊಳಗೆ ನೀನು ಕೆಲಸ ಬಿಟ್ಟೆ.

ಈಗ ಹೇಳುತ್ತೇನೆ ಕೇಳು. ಎರಡು ನಿಮಿಷ ಓಡಬೇಕಿದ್ದ ಪುಡಿ ಮಾಡುವ ಯಂತ್ರವನ್ನು ಹಾಕಿ, ನಾನು ಊಟಕ್ಕೆ ಹೋಗಿ ಹರಟೆಗೆ ಕೂತುಬಿಟ್ಟಿದ್ದೆ. ಬಂದಾಗ ಡಬ್ಬಿ ಕೈ ಸುಡುತ್ತಿತ್ತು. ಅಷ್ಟು ಅರೆದರೆ ಹರಳೇ ನುಚ್ಚಾಗಿ, ಬೆಂದ ಕಲ್ಲೂ ಬೇಯದ ಕಲ್ಲಿನ ಹಾಗೆ ಕಾಣುತ್ತದೆ. ಹೊಸಬರಿಗೆ ನಾನೇ ಕಲಿಸುವ ಮೊದಲ ಪಾಠ ಅದು. ನನಗೆ ಆವತ್ತೇ ಗೊತ್ತಿತ್ತು ಕಣೇ. ಮತ್ತೆ ಮಾಡುವುದಕ್ಕೆ ಬೇಜಾರಾಯಿತು, ನೀನು ಹೋದಮೇಲೆ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಮೊನ್ನೆ ಚೀಲದಿಂದ ಒಂದು ಹಿಡಿ ಕಲ್ಲು ತೆಗೆದು, ಕೈಯಲ್ಲೇ ಮೆಲ್ಲಗೆ ಕುಟ್ಟಿ, ನೀರಿಗೆ ಹಾಕಿ, ತಳಕ್ಕಿಳಿಯದೆ ಉಳಿದ ನುಣುಪು ಮಣ್ಣನ್ನು ಗಾಜಿಗೆ ಹಚ್ಚಿ ಯಂತ್ರಕ್ಕಿಟ್ಟೆ. ಗೆರೆ ಸೂಜಿಯ ಹಾಗೇ ನಿಂತಿತು. ನೀನು ಹೇಳಿದ್ದೇ ಸರಿ, ಬಂಡೆ ಬೆಂದಿತ್ತು.

ಆ ಬಂಡೆ ಬೆಂದಿಲ್ಲ ಅನ್ನುವ ನಮ್ಮ ಲೇಖನ ಆಗ ಅಚ್ಚು ಹಾಕಿದ ಪತ್ರಿಕೆಗೂ ಮೇಷ್ಟ್ರಿಗೂ ಏನೂ ಮುಚ್ಚಿಡದೆ ಬರೆದಿದ್ದೇನೆ. ಮನೆಗೆ ಹೋಗುವ ಹೊತ್ತಲ್ಲಿ ಇದೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀಯ ಅಂತ ಮೇಷ್ಟ್ರು ಫೋನ್ ಮಾಡಿದ್ದರು. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಉಳಿದ ಕಲ್ಲು ಚೀಲದ ಸಮೇತ ಇದರ ಜೊತೆಗಿದೆ. ಬೇರೆ ಯಾರ ಕೈಯಲ್ಲಾದರೂ ಪರೀಕ್ಷೆ ಮಾಡಿಸು. ನನ್ನ ಮಾತು ನಂಬಿ ಕೂರಬೇಡ, ಒಂದು ಸಲ ನಂಬಿ ಕೆಟ್ಟಿದ್ದೀಯ.

ಕಲ್ಲು ಒಡೆದೊಡೆದು ಬಂದ ನಿನ್ನ ಮಣಿಕಟ್ಟಿನ ನೋವು ಈಗಲಾದರೂ ವಾಸಿಯಾಗಿರಲಿ.

ಆವತ್ತು ನಿನ್ನ ಮುಖ ನೋಡದ,
ಎಕ್ಸ್-ರೇ ಕೋಣೆಯವಳು